ನೀರು ಕಾದೇ ಇತ್ತು

ಹೋದ ತಿಂಗಳು ನಮ್ಮ ಮನೆ ಫ್ರಿಜ್ಜಿನಲ್ಲಿ ಎರಡು ರಾತ್ರಿ ಒಬ್ಬ ನಟ ಮಲಗಿದ್ದ. ಹತ್ತು ಕಾಲು. ಹೊಟ್ಟೆಯೊಳಗೆ ಬೈಂಡಿಂಗ್ ವೈರು. ಕೊತ್ತಂಬರಿ ಸೊಪ್ಪು ತೆಗೆಯಲು ಹೋದ ಹೆಂಡತಿ ಕಿರುಚಿಕೊಂಡಳು. ನಾನು ಓಡಿ ಬಂದು, "ಮುಟ್ಟಬೇಡ ಮಾರಾಯ್ತಿ, ಕಾಲು ಆಚೆ ಈಚೆ ಆದ್ರೆ ಶಾಟ್ ಹಾಳಾಗುತ್ತೆ" ಅಂದೆ. ಅವಳು ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ಇದಕ್ಕೆಲ್ಲ ಮೂಲ ಒಂದು ತಪ್ಪು ಕ್ಯಾಸೆಟ್ಟು.

ಕುಂದಾಪುರದ ಹತ್ತಿರ ನಮ್ಮೂರು. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಏನಾದರೂ ಸಮಾರಂಭ ಆದರೆ ರಾತ್ರಿ ಬಾಡಿಗೆಗೆ ಟಿವಿ, ವಿಸಿಪಿ ತರುವುದಿತ್ತು. ಒಂದು ರಾತ್ರಿಗೆ ಮೂರು ಸಿನಿಮಾ. ಆ ಸಲ ಎರಡು ರಾಜ್‌ಕುಮಾರ್ ಚಿತ್ರ ಮುಗಿದು, ಕೊನೆಗೆ ಒಂದು ಭಕ್ತಿ ಚಿತ್ರ ಅಂತ ಅಪ್ಪ ಮೂರನೇ ಕ್ಯಾಸೆಟ್ ತುರುಕಿದರು. ಡಬ್ಬದ ಮೇಲೆ ದೇವರು ಇದ್ದ. ಒಳಗಿದ್ದದ್ದು ಇಂಗ್ಲಿಷ್ ಸಿನಿಮಾ. ಜೈಲು, ಬಿರುಗಾಳಿ, ಬಲೂನು ಹತ್ತಿ ಓಡಿಹೋಗುವ ಸಿಪಾಯಿಗಳು. ರಾತ್ರಿ ಎರಡು ಗಂಟೆ. ಆದರೂ ಯಾರೂ ಏಳಲಿಲ್ಲ. ಬಾಡಿಗೆ ಕೊಟ್ಟಾಗಿತ್ತಲ್ವಾ?

ಬಲೂನು ಒಡೆದು ಅವರೆಲ್ಲ ಒಂದು ದ್ವೀಪಕ್ಕೆ ಬಂದು ಬಿದ್ದರು. ಸ್ವಲ್ಪ ಹೊತ್ತಿಗೆ ಮರಳಿನೊಳಗಿಂದ ಮನೆಯಷ್ಟು ದೊಡ್ಡ ಏಡಿ ಎದ್ದಿತು. ನಾವು ಮಕ್ಕಳು ಚಾಪೆ ಎಳೆದು ಮುಖ ಮುಚ್ಚಿಕೊಂಡೆವು. ಅಜ್ಜಿ ಮಾತ್ರ ಕವಳ ಜಗಿಯುವುದನ್ನು ನಿಲ್ಲಿಸಿ, "ಇಷ್ಟ್ ದೊಡ್ಡ ಏಡಿ ಬೇಯ್ಸುಕೆ ಹಂಡಿ ಎಲ್ಲಿತ್ತ್ ಮಾರಾಯಾ?" ಅಂತ ಚಿಂತೆ ಮಾಡಿದಳು. ಆಮೇಲೆ ಆದದ್ದೇ ಪವಾಡ. ಆ ಸಿಪಾಯಿಗಳು ಏಡಿಯನ್ನು ತಳ್ಳಿ ತಳ್ಳಿ ಒಂದು ಬಿಸಿನೀರಿನ ಬುಗ್ಗೆಗೆ ಬೀಳಿಸಿದರು. ಏಡಿ ಬೆಂದೇಹೋಯಿತು. ಅವರು ಕೂತು ತಿಂದರು. ಅಜ್ಜಿ, "ಕಾಣ್, ನೀರ್ ಕಾದೇ ಇತ್ತ್" ಅಂದು ನಿಶ್ಚಿಂತೆಯಿಂದ ಮಲಗಿದಳು.

ಆ ಚಿತ್ರದ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1961ರ 'ಮಿಸ್ಟೀರಿಯಸ್ ಐಲ್ಯಾಂಡ್'. ಅಷ್ಟು ಹೊತ್ತಿಗೆ ನನಗೆ ಈ ಜಾತಿಯ ಸಿನಿಮಾಗಳ ಚಟ ಹತ್ತಿತ್ತು. ಹಡಗು ಮುಳುಗಬೇಕು, ಇಲ್ಲವೇ ಬಲೂನು ಒಡೆಯಬೇಕು. ಐದಾರು ಜನ ದ್ವೀಪಕ್ಕೆ ಬರಬೇಕು. ರಾಕ್ಷಸ ಪ್ರಾಣಿ ಬರಬೇಕು. ಮುಖ್ಯವಾಗಿ ನಿರ್ಮಾಪಕರ ಹತ್ತಿರ ದುಡ್ಡು ಇರಬಾರದು. ದುಡ್ಡು ಜಾಸ್ತಿ ಆದರೆ ರಾಕ್ಷಸ ನಿಜವಾಗಿ ಕಾಣುತ್ತಾನೆ. ಅದರಲ್ಲೇನು ಮಜಾ?

1959ರ 'ದಿ ಕಿಲ್ಲರ್ ಶ್ರೂಸ್' ನೋಡಿ. ದ್ವೀಪದಲ್ಲಿ ಸಿಕ್ಕಿಕೊಂಡವರ ಮೇಲೆ ದೈತ್ಯ ಸುಂಡಿಲಿಗಳು ದಾಳಿ ಮಾಡಬೇಕು. ಅಂಥ ಸುಂಡಿಲಿ ಎಲ್ಲಿಂದ ತರುವುದು? ಚಿತ್ರ ತೆಗೆದದ್ದು ಟೆಕ್ಸಸ್‌ನಲ್ಲಿ. ಅಲ್ಲಿ ನಾಯಿಗಳಿದ್ದವು. ನಾಯಿಗಳಿಗೇ ಕೂದಲಿನ ವೇಷ ಹಾಕಿ ಓಡಿಸಿದರು. ನಾನು ಎಷ್ಟು ಹೆದರಬೇಕೆಂದು ಕೂತರೂ ನನಗೆ ಕಾಣುವುದು, ಚೆಂಡು ಎಸೆಯುತ್ತಾರೇನೋ ಅಂತ ಆಸೆಯಿಂದ ಓಡಿ ಬರುವ ನಾಯಿ. ಕೊನೆಗೆ ಎಲ್ಲರೂ ಡ್ರಮ್ಮುಗಳನ್ನು ಒಟ್ಟಿಗೆ ಸೇರಿಸಿ, ತಲೆಯ ಮೇಲೆ ಮಗುಚಿಕೊಂಡು, ಕುಕ್ಕರುಗಾಲಿನಲ್ಲಿ ಸಮುದ್ರದವರೆಗೆ ನಡೆಯುತ್ತಾರೆ. ಆ ದೃಶ್ಯ ಬಂದಾಗಲೆಲ್ಲ ನನ್ನ ಮೊಣಕಾಲೇ ನೋಯುತ್ತದೆ.

1957ರಲ್ಲಿ ರೋಜರ್ ಕಾರ್ಮನ್ ತೆಗೆದ ಏಡಿ ಚಿತ್ರ ಇನ್ನೊಂದು. ಅದರ ಏಡಿಗಳು ವಿಜ್ಞಾನಿಗಳ ಮಿದುಳು ತಿಂದು, ಅವರದೇ ದನಿಯಲ್ಲಿ ಮಾತಾಡುತ್ತವೆ. ಏಡಿ ತಿಂದ ಮೇಲೆ ನಮ್ಮ ದೊಡ್ಡಪ್ಪ ಎರಡು ಗಂಟೆ ಮಾತೇ ಆಡುತ್ತಿರಲಿಲ್ಲ, ಇವು ತಿಂದು ಭಾಷಣ ಮಾಡುತ್ತವೆ. 1974ರ 'ದ ಲ್ಯಾಂಡ್ ದಟ್ ಟೈಮ್ ಫರ್ಗಾಟ್' ಚಿತ್ರದ ಹಾರುವ ಹಲ್ಲಿಗಳಂತೂ ರೆಕ್ಕೆಯನ್ನೇ ಬಡಿಯುವುದಿಲ್ಲ. ತಂತಿಗೆ ನೇತುಹಾಕಿದ ಹಾಗೆಯೇ ಸುಮ್ನೆ ತೇಲಿ ಬರುತ್ತವೆ, ಬಟ್ಟೆ ಒಣಹಾಕಿದ ಹಗ್ಗ ಎಳೆದಂತೆ.

ಆದರೆ ನಮ್ಮ 'ಮಿಸ್ಟೀರಿಯಸ್ ಐಲ್ಯಾಂಡ್' ಏಡಿಯ ದರ್ಜೆಯೇ ಬೇರೆ. ಅದನ್ನು ಆಡಿಸಿದವನು ರೇ ಹ್ಯಾರಿಹೌಸೆನ್. ಲಂಡನ್ನಿನಲ್ಲಿ ಕೊಂಡ ನಿಜವಾದ ಏಡಿಯ ಚಿಪ್ಪು ಅದು. ಒಳಗಿನದ್ದೆಲ್ಲ ತೆಗೆಸಿ, ಕೀಲುಗಳಿರುವ ಲೋಹದ ಎಲುಬುಗೂಡು ಕೂರಿಸಿದ. ಇಂಥ ಕೀಲುಗಳನ್ನು ಅವನಿಗೆ ಕಡೆದು ಕೊಡುತ್ತಿದ್ದದ್ದು ಅವನ ಅಪ್ಪನೇ. ಆಮೇಲೆ ಕಾಲನ್ನು ಒಂದು ಕೂದಲಷ್ಟು ಸರಿಸುವುದು, ಒಂದು ಫ್ರೇಮು ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮು. ಒಂದು ಕಾಲಾದರೆ ಸರಿ, ಏಡಿಗೆ ಹತ್ತು!

ಅದೇ ಚಿತ್ರದಲ್ಲಿ ಒಂದು ದೈತ್ಯ ಹಕ್ಕಿಯೂ ಇದೆ. ಅದು ಎಂದೋ ಅಳಿದುಹೋದ ಹಕ್ಕಿ ಅಂತ ಅವನ ಲೆಕ್ಕ. ನೋಡಿದವರೆಲ್ಲ ಕೋಳಿ ಅಂದುಕೊಂಡರು. ದ್ವೀಪದವರು ಅದನ್ನೂ ಸುಟ್ಟು ತಿಂದರು. ಪ್ರಾಣಿಗಳು ಇಷ್ಟು ದಪ್ಪ ಆಗಿದ್ದು ಆ ದ್ವೀಪದಲ್ಲಿ ಅಡಗಿಕೊಂಡಿದ್ದ ಕ್ಯಾಪ್ಟನ್ ನೆಮೋ ಎಂಬವನ ಪ್ರಯೋಗದಿಂದಂತೆ. ಲೋಕದ ಹಸಿವು ನೀಗಬೇಕೆಂದು ಅವನೇ ಬೆಳೆಸಿದ್ದು! ಅಂದರೆ ಆ ರಾತ್ರಿ ಇಡೀ ಜಗಲಿಯಲ್ಲಿ ಕಥೆಯ ತಿರುಳು ಅರ್ಥವಾದದ್ದು ಇಂಗ್ಲಿಷಿನ ಒಂದಕ್ಷರ ಬಾರದ ನಮ್ಮ ಅಜ್ಜಿಗೆ ಮಾತ್ರ.

ನೆಮೋನ ಬಗ್ಗೆ ಇನ್ನೊಂದು ಮಾತು. ಚಿತ್ರದಲ್ಲಿ ಆ ಪಾತ್ರ ಮಾಡಿದ ಹರ್ಬರ್ಟ್ ಲೋಮ್ ಪ್ರಾಗ್‌ನಲ್ಲಿ ಹುಟ್ಟಿದವನು. ಆದರೆ ಜೂಲ್ಸ್ ವೆರ್ನ್ ಬರೆದ ಮೂಲ ಕಾದಂಬರಿಯಲ್ಲಿ ನೆಮೋ ಬುಂದೇಲಖಂಡದ ರಾಜಕುಮಾರ ಡಾಕ್ಕರ್. ಅಷ್ಟೇ ಅಲ್ಲ, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ! 1799ರಲ್ಲಿ ತೀರಿಕೊಂಡ ಮಾವನಿಗೆ, 1857ರ ದಂಗೆಯಲ್ಲಿ ಕತ್ತಿ ಹಿಡಿಯುವ ವಯಸ್ಸಿನ ಅಳಿಯ. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಯಾವ ದಿಕ್ಕಿನಿಂದ ನೆಂಟಸ್ತಿಕೆ ಅಂತ ನಮ್ಮ ದೊಡ್ಡಮ್ಮನನ್ನು ಕೇಳಬೇಕು. ಮದುವೆಮನೆಯಲ್ಲಿ ಇದಕ್ಕಿಂತ ದೂರದ ಸಂಬಂಧವನ್ನು ಅವಳು ಐದು ನಿಮಿಷದಲ್ಲಿ ಕೂಡಿಸಿದ್ದಾಳೆ.

ಇದನ್ನೆಲ್ಲ ನಾನು ರಜೆಗೆ ಬೆಂಗಳೂರಿಗೆ ಬಂದ ಅಣ್ಣನ ಮಗನಿಗೆ ಹೇಳಿದ್ದೇ ತಪ್ಪಾಯಿತು. ಹನ್ನೊಂದು ವರ್ಷದ ಮಾಣಿ. "ಚಿಕ್ಕಪ್ಪ, ನಾವೂ ಮಾಡುವ" ಅಂದ.

ಇಲ್ಲೊಂದು ತೊಡಕಿತ್ತು. ನಮ್ಮ ಓನರು ಕೆಳಗಿನ ಮನೆಯಲ್ಲಿದ್ದಾರೆ. ಈರುಳ್ಳಿಯನ್ನೂ ಯೋಚಿಸಿ ತಿನ್ನುವವರು. ಮನೆ ಕೊಡುವಾಗ "ಮೀನು ಗೀನು ಏನಿಲ್ಲ ತಾನೇ?" ಅಂತ ಕೇಳಿದ್ದರು. "ಅಷ್ಟಾಗಿ ಇಲ್ಲ ಸರ್" ಅಂದಿದ್ದೆ. ಆ 'ಅಷ್ಟಾಗಿ'ಯ ಮೇಲೆಯೇ ನಾವು ನಾಲ್ಕು ವರ್ಷದಿಂದ ಭಾನುವಾರ ಕಿಟಕಿ ಮುಚ್ಚಿ ಸಂಸಾರ ಮಾಡುತ್ತಿರುವುದು.

ಭಾನುವಾರ ಏಡಿ ತಂದೆ. ಐದು ಸುಕ್ಕಕ್ಕೆ, ಒಂದು ಸಿನಿಮಾಕ್ಕೆ. ಸಿನಿಮಾದ್ದನ್ನು ಹೆಂಡತಿಯೇ ಬೇಯಿಸಿ, ಚೊಕ್ಕ ಮಾಡಿ ಕೊಟ್ಟಳು. ಕಾಲುಗಳು ಒಂದೊಂದಾಗಿ ಕಳಚಿಕೊಂಡವು. ವೈರು ತೂರಿಸಿ, ಅಂಟು ಹಾಕಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನ. ಒಂದು ಕಾಲು ಹಿಂದುಮುಂದಾಗಿತ್ತು. ಇರಲಿ, ರಾಕ್ಷಸ ಅಲ್ವಾ? ಪರಾತದಲ್ಲಿ ನೀರು, ನಡುವೆ ಮರಳು, ತೆಂಗಿನ ಗೆರಟೆಯ ಗುಹೆ, ಕೊತ್ತಂಬರಿ ಸೊಪ್ಪಿನ ಕಾಡು. ಹಡಗೊಡೆದು ಬಂದವರು ಮೈದಾ ಹಿಟ್ಟಿನ ಮೂವರು. ಮಾಣಿ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟ.

ಬಡವರ ಲೆಕ್ಕ ಅಂತ ನಾವು ಸೆಕೆಂಡಿಗೆ 12 ಫೋಟೋ ಸಾಕು ಅಂದುಕೊಂಡೆವು. ಒಂದು ನಿಮಿಷದ ಚಿತ್ರಕ್ಕೆ 720. ಸಂಜೆವರೆಗೆ ಬೆನ್ನು ಬಗ್ಗಿಸಿ ತೆಗೆದದ್ದು 96. ಅಂದರೆ ಎಂಟು ಸೆಕೆಂಡು. ಎರಡನೇ ದಿನ 72. ಒಟ್ಟು 14 ಸೆಕೆಂಡಿಗೆ ನನ್ನ ಸೊಂಟ, ಒಂದು ಕಟ್ಟು ಕೊತ್ತಂಬರಿ, ನನ್ನ ಒಂದು ರಜೆ ಖರ್ಚಾಗಿತ್ತು.

ಓಡಿಸಿ ನೋಡಿದೆವು. ಕಿಟಕಿಯ ಬಿಸಿಲು ಸರಿದು ಎಂಟು ಸೆಕೆಂಡಿನಲ್ಲಿ ದ್ವೀಪಕ್ಕೆ ಸಂಜೆಯಾಗುತ್ತದೆ. ನಡುವೆ ಒಂದು ಸಲ ಆಕಾಶದಿಂದ ಉಂಗುರ ತೊಟ್ಟ ನನ್ನ ಬೆರಳು ಬಂದು ಹೋಗುತ್ತದೆ. ಸೊಪ್ಪು ಬಾಡುತ್ತಾ ಬಾಡುತ್ತಾ ಇಡೀ ಕಾಡು ಮಲಗುತ್ತದೆ. ಏಡಿ ಮಾತ್ರ ಎಷ್ಟು ಆಡಿಸಿದರೂ ಸತ್ತ ಏಡಿಯೇ.

ಆದರೆ ಎರಡನೇ ದಿನದ ಕೊನೆಯಲ್ಲಿ ಏನೋ ಆಗಿತ್ತು. ಏಡಿಯ ಬೆನ್ನು ಜೀವಂತವಾಗಿ ಮಿಸುಕುತ್ತಿತ್ತು. ಮಾಣಿ "ಚಿಕ್ಕಪ್ಪಾ!" ಅಂತ ಕುಣಿದ. ಹಿಗ್ಗಿಸಿ ನೋಡಿದರೆ ಇರುವೆ. ನಾವು ಒಂದೊಂದು ಫೋಟೋಕ್ಕೆ ಕಾಲು ಸರಿಸುವಾಗ ಅವು ತಮ್ಮ ಪಾಡಿಗೆ ಮೆರವಣಿಗೆ ಮಾಡಿದ್ದವು. ನನಗೆ 1933ರ 'ಕಿಂಗ್ ಕಾಂಗ್' ನೆನಪಾಯಿತು. ಆ ಗೊಂಬೆಗೆ ಹೊದಿಸಿದ್ದು ಮೊಲದ ಚರ್ಮ. ಆಡಿಸುವವರ ಬೆರಳು ತಾಗಿ ತಾಗಿ ತೆರೆಯ ಮೇಲೆ ಕೂದಲು ಅಲುಗುತ್ತದೆ, ಕೋಪಕ್ಕೆ ನಿಮಿರಿದಂತೆ ಕಾಣುತ್ತದೆ. ನನಗೆ ಈ ಚಿತ್ರಗಳಲ್ಲಿ ಇಷ್ಟವಾಗುವುದೇ ಅದು. ಯಾರದೋ ಬೆರಳು ಈಗಷ್ಟೇ ಇಲ್ಲಿತ್ತು ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಬೆರಳೇ ಕಂಡಿತು, ಅಷ್ಟೇ ವ್ಯತ್ಯಾಸ.

ಅಷ್ಟು ಹೊತ್ತಿಗೆ ಹಾಲಿಗೂ ಏಡಿಯ ವಾಸನೆ ಬಂದಿತ್ತು. "ಒಂದೋ ಅದು, ಇಲ್ಲದಿದ್ರೆ ನಾನು" ಅಂದಳು ಹೆಂಡತಿ. ನಟನನ್ನು ರಾತ್ರಿ ಬಾಲ್ಕನಿಗೆ ಸಾಗಿಸಿದೆವು. ಬೆಳಿಗ್ಗೆ ನೋಡಿದರೆ ಪರಾತ ಇದೆ, ಮೈದಾದವರು ಇದ್ದಾರೆ, ಏಡಿ ಇಲ್ಲ. ಬೀದಿ ಬೆಕ್ಕಿನ ಹೆಜ್ಜೆ ಮರಳಿನ ಮೇಲೆ ಸಾಲಾಗಿ ಮೂಡಿತ್ತು.

ಏಳೂವರೆಗೆ ಬೆಲ್ಲು. ಬಾಗಿಲಲ್ಲಿ ಓನರು. ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ನಮ್ಮ ನಟ, ಎರಡು ಕಾಲು ಕಡಿಮೆ.

"ತುಳಸಿಕಟ್ಟೆ ಹತ್ರ ಬಿದ್ದಿತ್ತು. ಏನ್ರೀ ಇದು?"

"ಆಟದ ಸಾಮಾನು ಸರ್" ಅಂದೆ. ತಂತಿ ಕಾಣುತ್ತಿತ್ತು, ನಂಬಿಯೂಬಿಡುತ್ತಿದ್ದರು.

ಹಿಂದಿನಿಂದ ಮಾಣಿ ಓಡಿ ಬಂದ. ಅವನ ಕಲಾಕೃತಿಗೆ ಅವಮಾನವಾಗಿತ್ತು. "ಅಲ್ಲ ಅಂಕಲ್, ನಿಜವಾದ್ದೇ. ಬಾಕಿ ಐದನ್ನು ನಾವು ತಿಂದ್ವಿ."

ಓನರು ತುಂಬ ಹೊತ್ತು ಮಾತಾಡಲಿಲ್ಲ. ಏಡಿಯನ್ನು ಮೆಲ್ಲಗೆ ತಿರುಗಿಸಿ ಹೊಟ್ಟೆ ನೋಡಿದರು. ಬೈಂಡಿಂಗ್ ವೈರು ಸುರುಳಿಯಾಗಿ ನೇತಾಡುತ್ತಿತ್ತು.

"ಐದಕ್ಕೂ ತಂತಿ ಹಾಕಿದ್ರಾ?" ಅಂದರು.