ಸ್ಪಷ್ಟನೆ: ಹಿತ್ತಾಳೆ ಬಿಲ್ಲೆಯ ಬಾಣ ನೀರಿನ ದಾರಿ ತೋರಿಸುವುದಿಲ್ಲ

ಕ್ಯಾಲಿಫೋರ್ನಿಯಾದ ಮರುಭೂಮಿಯ ಬೆಟ್ಟವೊಂದರ ತುದಿಯಲ್ಲಿ ಬಂಡೆಗೆ ಕೂರಿಸಿದ ಹಿತ್ತಾಳೆ ಬಿಲ್ಲೆಯ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಬಿಲ್ಲೆಯ ಮೇಲಿನ ಹೆಸರೇ ಬೆಟ್ಟದ ಸರ್ಕಾರಿ ಹೆಸರು, ಇಸವಿ ಅದನ್ನು ಕಂಡುಹಿಡಿದ ವರ್ಷ, ಬಾಣ ಹತ್ತಿರದ ನೀರಿನ ದಾರಿ ಎಂದು ಜೊತೆಗೆ ಬರೆದಿದೆ. ಮೂರೂ ತಪ್ಪು.

ಮೊದಲು ಬಾಣದ ವಿಷಯ, ಏಕೆಂದರೆ ಅದನ್ನು ನಂಬಿದರೆ ಜೀವಕ್ಕೇ ಅಪಾಯ. ಇಂಥ ಬಿಲ್ಲೆಗಳನ್ನು ಕೂರಿಸುವುದು ನೆಲ ಅಳೆಯುವ ಸರ್ವೆಯವರು. ಅವರ ಮುಖ್ಯ ಬಿಲ್ಲೆಯ ನಡುವೆ ಪುಟ್ಟ ತ್ರಿಕೋನ ಇರುತ್ತದೆ. ಆ ಬಿಲ್ಲೆ ಕಳೆದುಹೋದರೂ ಅದಿದ್ದ ಜಾಗ ಸಿಗಲಿ ಅಂತ ಸುತ್ತಮುತ್ತ ಬಾಣವಿರುವ ಬಿಲ್ಲೆಗಳನ್ನು ಕೂರಿಸುತ್ತಾರೆ. ಬಾಣ ತೋರಿಸುವುದು ಆ ಮುಖ್ಯ ಬಿಲ್ಲೆಯನ್ನು, ಅಷ್ಟೇ. ನೀರನ್ನೂ ಅಲ್ಲ, ಇಳಿಯುವ ದಾರಿಯನ್ನೂ ಅಲ್ಲ.

ಇಸವಿ ಸಾಮಾನ್ಯವಾಗಿ ಬಿಲ್ಲೆ ಕೂರಿಸಿದ ವರ್ಷ.

ಹೆಸರು ಸರ್ವೆ ತಂಡ ತನ್ನ ದಾಖಲೆಗೆ ಇಟ್ಟುಕೊಂಡದ್ದು. ಬೆಟ್ಟದ ಹೆಸರೂ ಅದೇ ಆಗಿರಬಹುದು, ಆಗಿರದೆಯೂ ಇರಬಹುದು. ಹೆಸರಿಲ್ಲದ ಶಿಖರಗಳನ್ನು ಚಾರಣಿಗರು ಬಿಲ್ಲೆಯ ಹೆಸರಿನಿಂದಲೇ ಕರೆಯುವುದುಂಟು, ಹಾಗಾಗಿ ಗೊಂದಲ ಸಹಜವೇ. ಆದರೆ ಅಮೆರಿಕದ ಸರ್ಕಾರಿ ನಕ್ಷೆಗಳಲ್ಲಿ ಯಾವ ಹೆಸರು ಇರಬೇಕೆಂದು ತೀರ್ಮಾನಿಸುವುದು 1890ರಲ್ಲಿ ಶುರುವಾದ ಭೌಗೋಳಿಕ ಹೆಸರುಗಳ ಮಂಡಳಿ. ಸ್ಥಳೀಯರು ಏನೆಂದು ಕರೆಯುತ್ತಾರೆ ಅನ್ನುವುದಕ್ಕೆ ಅದು ಜಾಸ್ತಿ ಬೆಲೆ ಕೊಡುತ್ತದೆ. ಯಾರದ್ದಾದರೂ ನೆನಪಿಗೆ ಹೆಸರಿಡಬೇಕಾದರೆ ಅವರು ತೀರಿಕೊಂಡು ಕನಿಷ್ಠ 5 ವರ್ಷ ಆಗಿರಬೇಕು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಆ ಗುಂಪಿಗೆ ಇದನ್ನೂ ಹಾಕಿ. ಅಲ್ಲಿಗೆ ಚಾರಣ ಹೊರಟವರು ಯಾರಾದರೂ ಇದ್ದರೆ ಬಾಣದ ಮಾತನ್ನಾದರೂ ಫೋನ್ ಮಾಡಿ ತಿಳಿಸಿ.