ಗೊರಬಲು ಗುಡ್ಡೆ

ಮಲೆನಾಡಿನ ಅಡಿಕೆ ಮನೆಗಳಲ್ಲಿ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ: ಆರಿಸುವುದು. ಜಗಲಿಯಲ್ಲಿ ಹರವಿಕೊಂಡು ಕೂತರೆ ಒಂದೊಂದು ದರ್ಜೆಗೆ ಒಂದೊಂದು ಗುಡ್ಡೆ: ಸರಕು ಅತ್ತ, ಬೆಟ್ಟೆ ಇತ್ತ, ಕೀಳು ದರ್ಜೆಯ ಗೊರಬಲು ಮೂಲೆಗೆ. ಪಳಗಿದ ಕೈಗೆ ಅಡಿಕೆಯೊಂದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಫಜೀತಿ ಏನೆಂದರೆ, ಆಗಲೇ ಬೇಲಿಯಾಚೆ ಯಾರಾದರೂ ನಡೆದುಹೋದರೆ ಕಣ್ಣು ಅದೇ ರಭಸದಲ್ಲಿ ಅವರನ್ನೂ ಆರಿಸಿಬಿಡುತ್ತದೆ. 'ಬೆಳಗಾಗೋದೇ ತಡ ಪೇಟೆಗೆ ಹೊರಟ ನೋಡಿ ಮಾರಾಯ!' ಅಲ್ಲಿಗೆ ಗೊರಬಲು ಗುಡ್ಡೆಗೆ ಇನ್ನೊಬ್ಬ ಬಿದ್ದ.

ಅಡಿಕೆಗಾದರೆ ಈ ತೀರ್ಪು ಬೇಕು. ಎಳೆಯದು ಸರಕು, ನಡುವಿನದು ಬೆಟ್ಟೆ, ಬೆಳೆತ ಹೆಚ್ಚಾದದ್ದು ಗೊರಬಲು. ಶಿವಮೊಗ್ಗದ ಮಂಡಿಯಲ್ಲಿ ದರಕ್ಕೂ ಅಷ್ಟೇ ಅಂತರ. ಹಾಗಂತ ಗೊರಬಲಾದದ್ದು ಅಡಿಕೆಯ ತಪ್ಪೇನಲ್ಲ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಬರುವುದು ತಡವಾಗಿರಬಹುದು, ಮಳೆ ಬಿಡದೇ ಇದ್ದಿರಬಹುದು. ಅಡಿಕೆಗೆ ಕೊಡುವ ಈ ರಿಯಾಯಿತಿಯನ್ನು ಪೇಟೆಗೆ ಹೊರಟವನಿಗೆ ಮಾತ್ರ ಯಾರೂ ಕೊಡುವುದಿಲ್ಲ.

ಈ ಚಾಳಿ ಬಿಡಿಸುವ ಸಾಧನೆ ಹೊಸದೇನಲ್ಲ. ಹೊಸನಗರ ತಾಲ್ಲೂಕಿನ ಹೊಂಬುಜ ಹಳೆಯ ಜೈನ ಕ್ಷೇತ್ರ. ಜೈನರಲ್ಲಿ ಸಾಮಾಯಿಕವೆಂಬ ವ್ರತವಿದೆ: ಎರಡು ಘಳಿಗೆ, ಅಂದರೆ 48 ನಿಮಿಷ, ಯಾರ ಮೇಲೂ ರಾಗದ್ವೇಷವಿಲ್ಲದೆ ಸಮಭಾವದಲ್ಲಿ ಇರುವುದು. ಹೊಸಬರಿಗೆ 48 ನಿಮಿಷ ಭಾರ. ಮದುವೆ ಮನೆಯ ಒಂದು ಪಂಕ್ತಿ ಸಾಕು. ಎಲೆ ಹಾಕಿದಲ್ಲಿಂದ ಮಜ್ಜಿಗೆ ಬರುವವರೆಗೆ. ತೀರ್ಪುಗಳಿಗೆ ಇದಕ್ಕಿಂತ ಫಲವತ್ತಾದ ಜಾಗ ಭೂಮಿಯ ಮೇಲಿಲ್ಲ.

ಸಾರು ಬಂತು. 'ಉಪ್ಪು ಕಡಿಮೆ' ಎಂದದ್ದು ನಾಲಿಗೆ. 'ಇವರಿಗೆ ಮೊದಲಿಂದಲೂ ಕೈ ಬಿಗಿ' ಎಂದದ್ದು ಯಾರು? ಉಪ್ಪಿಗೂ ಕೈ ಬಿಗಿಗೂ ಸಂಬಂಧವಿಲ್ಲ, ಆದರೂ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಇವೆರಡನ್ನು ಬಿಡಿಸಿಡುವುದೇ ಸಾಧನೆಯ ಮುಕ್ಕಾಲು ಪಾಲು. ಮೊದಲನೆಯದನ್ನು ಇಟ್ಟುಕೊಂಡು ಬಡಿಸುವವರ ಹತ್ತಿರ ಉಪ್ಪು ಕೇಳಬೇಕು. ಎರಡನೆಯದಕ್ಕೆ ಮನಸ್ಸಿನಲ್ಲೇ 'ತೀರ್ಪು' ಎಂದೊಂದು ಹೆಸರಿಟ್ಟು, ಉಸಿರು ಉದ್ದಕ್ಕೆ ಬಿಟ್ಟು, ಮುಂದಿನ ತುತ್ತು. ಹೆಸರು ಅಷ್ಟಕ್ಕೇ ನಿಲ್ಲಬೇಕು. 'ಛೆ, ಕೆಟ್ಟ ಬುದ್ಧಿ' ಎಂದು ಸೇರಿಸಿದರೆ ಅದೂ ಒಂದು ತೀರ್ಪೇ. ಈ ಸಲ ಗುಡ್ಡೆಗೆ ಬಿದ್ದದ್ದು ನಾವು. 'ಯಾವಾಗಲೂ', 'ಮೊದಲಿಂದಲೂ', 'ಇವರೆಲ್ಲ ಹೀಗೇ' ಎಂಬ ಮಾತು ನುಸುಳಿದರೆ ಕಳ್ಳ ಸಿಕ್ಕಿದ ಎಂದು ಲೆಕ್ಕ. ಮಾತಿಗಿಂತ ಮೊದಲೇ ಹುಬ್ಬು ಗಂಟಿಕ್ಕಿರುತ್ತದೆ, ಹಲ್ಲು ಕಚ್ಚಿರುತ್ತದೆ. ಮುಖದ ಮೇಲೆ ನಿಗಾ ಇದ್ದವರಿಗೆ ಬೇಗ ಗೊತ್ತಾಗುತ್ತದೆ.

ಬಲಜೇಬಿನಲ್ಲಿ ಹತ್ತು ಅಡಿಕೆ ಹಾಕಿಕೊಂಡು ತೀರ್ಪಿಗೊಂದರಂತೆ ಎಡಜೇಬಿಗೆ ದಾಟಿಸುವ ಉಪಾಯವೂ ಉಂಟು. ಮೊದಲ ದಿನ ಕಾಫಿ ಮುಗಿಯುವುದರೊಳಗೆ ಬಲಜೇಬು ಖಾಲಿಯಾದರೆ ಗಾಬರಿ ಬೇಡ. ಮೂರ್ನಾಲ್ಕು ದಿನದ ಮೇಲೆ ಇದನ್ನು ಬಿಡುವುದೇ ಒಳ್ಳೆಯದು. ಇಲ್ಲದಿದ್ದರೆ 'ನನ್ನದು ಇವತ್ತು ನಾಲ್ಕೇ, ಅವರದ್ದು ಎಷ್ಟಿರಬಹುದು' ಎಂದು ಹೊಸ ಮಂಡಿಯೇ ತೆರೆಯುತ್ತದೆ.

ಪತಂಜಲಿಯ ಯೋಗಸೂತ್ರದ ಸಮಾಧಿಪಾದದಲ್ಲಿ, 33ನೆಯ ಸೂತ್ರದಲ್ಲಿ, ಒಂದು ಹಂಚಿಕೆ ಇದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತ, ಅಂದರೆ ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ. ಕರುಣೆ ಹೇಗೋ ಬಂದೀತು. ಪಕ್ಕದ ತೋಟದವರ ಸರಕಿಗೆ ಒಳ್ಳೆ ದರ ಸಿಕ್ಕಿದ ದಿನ ಮೈತ್ರಿ ತರಿಸಿ ನೋಡಿ! ಉಪೇಕ್ಷೆಯದ್ದು ಇನ್ನೊಂದು ಪೇಚು. ನಮ್ಮ ಆಡುಮಾತಿನಲ್ಲಿ ಅದಕ್ಕೆ ಅಸಡ್ಡೆಯ ವಾಸನೆ ಬಂದುಬಿಟ್ಟಿದೆ. ಸೂತ್ರದ ಉಪೇಕ್ಷೆಯೆಂದರೆ ಕಂಡೂ ಕದಡದೆ ಇರುವುದು. ತಕ್ಕಡಿಯಲ್ಲಿ ಮೋಸ ಕಂಡರೆ 'ತೂಕ ಸರಿ ಇಲ್ಲ, ಇನ್ನೊಮ್ಮೆ ತೂಗಿ' ಎನ್ನಲೇಬೇಕು. ಅವರ ವಂಶದ ಜಾತಕ ಬಿಚ್ಚುವುದು ಮಾತ್ರ ಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ; ನಮ್ಮ ಬಾಯಿಂದ ಹೋಗುವ ಬೇರೆಯವರ ಮಾನಕ್ಕೂ ಅದೇ ಲೆಕ್ಕ.

ಆರಿಸುವಾಗ ಸರಕೋ ಬೆಟ್ಟೆಯೋ ಎಂದು ಗೊತ್ತಾಗದ ಅಡಿಕೆ ಒಂದಷ್ಟು ಸಿಗುತ್ತವೆ. ಅನುಭವಿಗಳು ಅವಕ್ಕೆ ತಲೆ ಕೆಡಿಸಿಕೊಳ್ಳದೆ ಪಕ್ಕಕ್ಕೆ ಸರಿಸುತ್ತಾರೆ, ಬೆಳಕಿದ್ದಾಗ ನೋಡೋಣ ಅಂತ. ಪೇಟೆಗೆ ಹೋದವನು ಆ ಹೊತ್ತಿಗೆ ವಾಪಸು ಬರುತ್ತಿರುತ್ತಾನೆ, ಕೈಯಲ್ಲಿ ಔಷಧಿ ಅಂಗಡಿಯ ಚೀಲ.