ಏನಾಗಲ್ಲ ಬಿಡಿ ಸಾರ್

ಹಾಲ್ ದೊಡ್ಡದಾಗಿ ಕಾಣಬೇಕು. ಅಡುಗೆಮನೆ ಓಪನ್ ಆಗಬೇಕು. ಎರಡರ ನಡುವೆ ಅಪ್ಪ ಕಟ್ಟಿಸಿದ 9 ಇಂಚಿನ ಗೋಡೆಯೊಂದು ಅಡ್ಡ ನಿಂತಿದೆ. ಒಡೆದರಾಯಿತು, ಅಲ್ವಾ?

ಬೆಂಗಳೂರಿನ ಹಳೇ ಬಡಾವಣೆಗಳ ಜನ ಗೋಡೆಯನ್ನು ಸುಮ್ನೆ ಒಡೆಯುವುದಿಲ್ಲ. ಎಲ್ಲರನ್ನೂ ಕೇಳಿಯೇ ಒಡೆಯುತ್ತಾರೆ. ಮೊದಲು ವಾಸ್ತುವಿನವರು. ಅವರು ದಿಕ್ಸೂಚಿ ಹಿಡಿದು ಮನೆಯೆಲ್ಲಾ ಓಡಾಡಿ, ಒಲೆ ಆಗ್ನೇಯಕ್ಕೆ ಬರಬೇಕು, ಈ ಗೋಡೆ ಇರುವವರೆಗೂ ಮಗನಿಗೆ ವೀಸಾ ಸಿಗಲ್ಲ ಅನ್ನುತ್ತಾರೆ. ಆಮೇಲೆ ಇಂಟೀರಿಯರ್‌ನವರು. ಅವರ ತ್ರೀಡಿ ಚಿತ್ರದಲ್ಲಿ ಗೋಡೆ ಒಂದೇ ಕ್ಲಿಕ್ಕಿಗೆ ಮಾಯ. ಮಹಡಿ ಗಾಳಿಯಲ್ಲಿ ಆರಾಮಾಗಿ ತೇಲುತ್ತಿರುತ್ತದೆ. ನಂತರ ಷಡ್ಡಕ, ಯಾಕಂದ್ರೆ ಅವನ ಮನೆಯಲ್ಲಿ ಓಪನ್ ಕಿಚನ್ ಇದೆ. ಕೊನೆಗೆ ಪಂಚಾಂಗ. ಬಿಟ್ಟುಹೋಗುವವರು ಕಟ್ಟಡದ ಭಾರ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರೇ. ಅವರು ಫೀಸು ಕೇಳ್ತಾರಂತೆ!

ಎಂಟು ದಿಕ್ಕನ್ನೂ ವಿಚಾರಿಸಿದವರಿಗೆ ತಲೆಯೆತ್ತಿ ನೋಡಲು ಮಾತ್ರ ಪುರುಸೊತ್ತಿಲ್ಲ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 5 ಇಂಚಿನ ಆರ್‌ಸಿಸಿ ಚಾವಣಿ ಹಾಕಿದರೆ ಅದೊಂದೇ ಹತ್ತಿರ ಹತ್ತಿರ 3 ಟನ್ ತೂಗುತ್ತದೆ. ಅದರ ಮೇಲೆ ಬಾಡಿಗೆಯವರು, ಅವರ ಮಂಚ, ಬೀರು. ಅವರ ನೆತ್ತಿಯ ಮೇಲೆ ನೀರಿನ ಟ್ಯಾಂಕ್. 1000 ಲೀಟರ್ ತುಂಬಿದರೆ ಇನ್ನೊಂದು ಟನ್. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಕಾಲಂ, ಅಂದರೆ ಕಾಂಕ್ರೀಟ್ ಕಂಬ, ಇರುವುದಿಲ್ಲ. ಇಷ್ಟನ್ನೂ ಹೊತ್ತು ಪಾಯಕ್ಕೆ ದಾಟಿಸುವುದು ಗೋಡೆಗಳೇ. ತೆಗೆಯಲೇಬೇಕು ಅಂದರೆ ದಾರಿಯೂ ಇದೆ. ಮೊದಲು ಜಾಕಿ ಕೊಟ್ಟು ಮೇಲಿನದನ್ನು ಹಿಡಿಯಬೇಕು. ಲೆಕ್ಕ ಹಾಕಿ ಬೀಮು ಕೂರಿಸಬೇಕು, ಅದರ ಎರಡೂ ತುದಿಗೆ ಗಟ್ಟಿ ಆಧಾರ ಕೊಡಬೇಕು. ಸುತ್ತಿಗೆ ಎತ್ತುವುದು ಆಮೇಲೆ.

ಇಷ್ಟೆಲ್ಲಾ ರಗಳೆ ಯಾಕೆ? ಮೇಸ್ತ್ರಿ ಬೆರಳು ಮಡಚಿ ಗೋಡೆಯನ್ನು ಟಕ್ ಟಕ್ ಅಂತ ಬಡಿಯುತ್ತಾನೆ. ಕಿವಿಗೊಟ್ಟು ಕೇಳುತ್ತಾನೆ. "ಏನಾಗಲ್ಲ ಬಿಡಿ ಸಾರ್, ಇಂಥಾವು ಎಷ್ಟು ಒಡ್ದಿಲ್ಲ ನಾನು!" ಮುಗಿಯಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡು ದಪ್ಪ ಸಂಪುಟಗಳಲ್ಲಿದೆ. ಬೀದಿಯಲ್ಲಿ ಜಾರಿಯಲ್ಲಿರುವುದು ಈ ಒಂದು ಸಾಲು. ಹಾಗೆ ಒಡೆದ ಮನೆಗಳು ಈಗ ಹೇಗಿವೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ.

ಫ್ಲಾಟಿನವರು ಇನ್ನೂ ಧೈರ್ಯಸ್ಥರು. ಈಗಿನ ಎಷ್ಟೋ ಟವರ್‌ಗಳಲ್ಲಿ ಮೈವಾನ್ ಅನ್ನೋ ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಹೊಯ್ದಿರುತ್ತಾರೆ. 4ನೇ ಮಹಡಿಯ ಗೋಡೆ 14ನೇ ಮಹಡಿಯವರನ್ನೂ ಹೊತ್ತಿರುತ್ತದೆ. "ನಮ್ಮ ಫ್ಲಾಟು, ನಮ್ಮ ಗೋಡೆ, ನಿಮಗೇನ್ರೀ?" ನಾಯಿ ಲಿಫ್ಟಿನಲ್ಲಿ ಬರಬಹುದೇ ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡುವ ಅಸೋಸಿಯೇಶನ್, ಇಲ್ಲಿ ಒಂದೇ ಷರತ್ತು ಹಾಕುತ್ತದೆ: ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಒಡೆಯಬೇಡಿ.

ಬಿರುಕು ಬಂದರೆ? ಪುಟ್ಟಿ ಇದೆಯಲ್ಲ! ದಕ್ಷಿಣ ಕೊರಿಯಾದ ಸೋಲ್ ನಗರದ ಸಂಪೂಂಗ್ ಮಳಿಗೆಯಲ್ಲೂ ಎಸ್ಕಲೇಟರ್‌ಗೆ ಜಾಗ ಬೇಕು ಅಂತ ಕಂಬಗಳನ್ನೇ ತೆಗೆದಿದ್ದರು. 1995ರ ಜೂನ್ 29ರಂದು ಬಿರುಕು ಜಾಸ್ತಿಯಾದಾಗ ಮೇಲಿನ ಮಹಡಿಯನ್ನಷ್ಟೇ ಮುಚ್ಚಿ ಕೆಳಗೆ ವ್ಯಾಪಾರ ಮುಂದುವರಿಸಿದರು. ಸಂಜೆ ಕಟ್ಟಡ ಕುಸಿದು 502 ಜನ ಸತ್ತರು. ಅಲ್ಲೂ ಯಾರೋ "ಏನಾಗಲ್ಲ" ಅಂದಿರಲೇಬೇಕು.

ಇಲ್ಲಿ ಗೃಹಪ್ರವೇಶ ಆಗುತ್ತದೆ. ಮೊದಲ ಒಗ್ಗರಣೆಯ ಘಾಟಿಗೆ ಅತ್ತೆಯವರು ಕೆಮ್ಮಲು ಶುರುಮಾಡುತ್ತಾರೆ. ಒಡೆದ ಜಾಗಕ್ಕೇ ಗಾಜಿನ ಗೋಡೆ ಬರುತ್ತದೆ. ಅಷ್ಟರಲ್ಲಿ ಮಹಡಿಯ ಬಾಡಿಗೆಯವರು ಇಳಿದು ಬಂದು, "ಅಂಕಲ್, ನಮ್ಮ ರೂಮಿನ ಬಾಗಿಲು ಮುಚ್ಚೋಕೆ ಆಗ್ತಿಲ್ಲ" ಅನ್ನುತ್ತಾರೆ. ಮಳೆಗಾಲ, ಮರ ಉಬ್ಬಿದೆ ಅಂತ ಓನರ್ ಸಮಾಧಾನ ಹೇಳಿ, ಬಡಗಿಯನ್ನು ಕರೆಸಿ ಬಾಗಿಲ ಅಂಚು ಕೆತ್ತಿಸುತ್ತಾರೆ. ಮುಂದಿನ ತಿಂಗಳು ಮತ್ತೆ ಕೆತ್ತಿಸುತ್ತಾರೆ.